ಮಾಳಿಗೆಯಿಂದಲೇ ನೋವಾ ಕಾಯುವುದು ಹೇಗೆ?

ಕೊಪ್ಪಳದ ಕಡೆ ಬೇಸಿಗೆ ಬಂತೆಂದರೆ ಹೊರಸು ಮಾಳಿಗೆ ಏರುತ್ತದೆ. ನಿದ್ದೆಗೆ ಮುಂಚೆ ಹತ್ತು ನಿಮಿಷ ಆಕಾಶದ ಒಂದು ಖಾಲಿ ಜಾಗ ನೋಡಿ. ಅಲ್ಲಿ ಟಿ ಕೊರೊನೆ ಬೊರಿಯಾಲಿಸ್ ಎಂಬ ನಕ್ಷತ್ರವಿದೆ, ಬರಿಗಣ್ಣಿಗೆ ಕಾಣದು. 1866ರ ಮೇನಲ್ಲಿ, ಮತ್ತೆ 1946ರ ಫೆಬ್ರವರಿಯಲ್ಲಿ ಇದು ಇದ್ದಕ್ಕಿದ್ದಂತೆ ಎದ್ದು ಹೆಚ್ಚುಕಡಿಮೆ ಧ್ರುವ ನಕ್ಷತ್ರದಷ್ಟು ಬೆಳಗಿತ್ತು. ಹೀಗೆ ಒಮ್ಮೆಲೇ ಬೆಳಗಿ ಮತ್ತೆ ಮಂಕಾಗುವುದಕ್ಕೇ ನೋವಾ ಎನ್ನುವುದು. 80 ವರ್ಷದ ಲೆಕ್ಕ ಹಿಡಿದರೆ ಮತ್ತೆ ಬೆಳಗುವ ಕಾಲ ಬಂದಿದೆ.

ಅಲ್ಲಿರುವುದು ಜೋಡಿ ನಕ್ಷತ್ರ. ಉಬ್ಬಿದ ಕೆಂಪು ದೈತ್ಯ ಒಂದು, ಪುಟ್ಟ ಶ್ವೇತಕುಬ್ಜ, ಅಂದರೆ ಉರಿದು ಮುಗಿದ ನಕ್ಷತ್ರದ ದಟ್ಟ ತಿರುಳು, ಇನ್ನೊಂದು. ದೈತ್ಯನ ಹೈಡ್ರೋಜನ್ ಕುಬ್ಜನ ಮೈಮೇಲೆ ಬಂದು ಕೂಡುತ್ತಲೇ ಇರುತ್ತದೆ. ಒತ್ತಡವೂ ಶಾಖವೂ ಮಿತಿ ಮೀರಿದಾಗ ಆ ಪದರ ಮಾತ್ರ ಸಿಡಿಯುತ್ತದೆ. ಕುಬ್ಜ ಉಳಿಯುತ್ತದೆ, ಕೂಡಿಸುವ ಕೆಲಸ ಮತ್ತೆ ಶುರು. ದೂರ ಸುಮಾರು 3000 ಜ್ಯೋತಿರ್ವರ್ಷ. ನಮ್ಮ ಗವಿಮಠದ ಬಂಡೆಯ ಮೇಲೆ ಅಶೋಕನ ಶಾಸನ ಕೊರೆಯುವ ಮೊದಲೇ ಹೊರಟ ಬೆಳಕು ಅದು!

ಮೊದಲು ದೀಪ ಆರಿಸಿ, ಕಾಲು ಗಂಟೆ ಸುಮ್ನೆ ಕೂತು ಕಣ್ಣು ಕತ್ತಲೆಗೆ ಹೊಂದಲು ಬಿಡಿ. ಮೊಬೈಲ್ ಬೇಡ. ಬ್ಯಾಟರಿ ಬೇಕೇ ಬೇಕೆಂದರೆ ಅದರ ಮುಖಕ್ಕೆ ಕೆಂಪು ಗಾಳಿಪಟದ ಕಾಗದ ಕಟ್ಟಿ.

ಮೇ ತಿಂಗಳಲ್ಲಿ ರಾತ್ರಿ 10ಕ್ಕೆ ಪೂರ್ವಕ್ಕೆ ಮುಖ ಮಾಡಿ. ಸಪ್ತರ್ಷಿಯ ಬಾಲದ ಬಾಗನ್ನು ಹಾಗೇ ಮುಂದಕ್ಕೆ ಎಳೆದರೆ ಕಿತ್ತಳೆ ಬಣ್ಣದ ಸ್ವಾತಿ ಸಿಗುತ್ತದೆ. ಕೆಳಗೆ ಈಶಾನ್ಯದಲ್ಲಿ ಆಗಷ್ಟೇ ಹುಟ್ಟಿರುವುದು ಅಭಿಜಿತ್. ಇವೆರಡರ ನಡುವೆ, ಸ್ವಾತಿಗೆ ಹತ್ತಿರ, ಒಡೆದ ಬಳೆಯ ಚೂರಿನಂತೆ ಕಾಣುವುದೇ ಉತ್ತರ ಕಿರೀಟ (ಕೊರೊನಾ ಬೊರಿಯಾಲಿಸ್) ಎಂಬ ನಕ್ಷತ್ರಪುಂಜ. ಅದರಲ್ಲಿ ಜಾಸ್ತಿ ಹೊಳೆಯುವುದು ಅಲ್ಫೆಕಾ.

ಈಗ ನಿಧಾನವಾಗಿ ನೋಡಿ. ಅಲ್ಫೆಕಾ ಬಿಟ್ಟು ಬಳೆಯ ಗುಂಟ ಕೆಳಕ್ಕೆ ಎಣಿಸಿ: ಒಂದು, ಎರಡು, ಮೂರು. ಎರಡನೆಯದು ಬಲು ಮಂಕು, ಊರ ದೀಪದ ಬೆಳಕಿನಲ್ಲಿ ಕಾಣದೇ ಹೋಗಬಹುದು. ಮೂರನೆಯದರ ಬಲಕ್ಕೆ, ತುಸು ಕೆಳಗೆ, ಚಾಚಿದ ಕೈಯ ಕಿರುಬೆರಳಿನ ಅಗಲದಷ್ಟು ದೂರದಲ್ಲಿದೆ ನಾವು ಕಾಯುವ ಜಾಗ. ಖಾಲಿ, ಅಲ್ವಾ? ಆ ಖಾಲಿಯನ್ನೇ ಕಣ್ಣಿಗೆ ರೂಢಿ ಮಾಡಿಕೊಳ್ಳಬೇಕು. ನೋಟ್‌ಬುಕ್ಕಿನಲ್ಲಿ ಬಳೆ ಬರೆದು, ದಿನಾಂಕ ಹಾಕಿ, ‘ಏನೂ ಇಲ್ಲ’ ಎಂದು ಬರೆದಿಡಿ. ನನಗೆ ಇದೇ ಎಲ್ಲಕ್ಕಿಂತ ಮುಖ್ಯ ಕೆಲಸ. ಇವತ್ತು ಏನಿಲ್ಲ ಎಂದು ಗೊತ್ತಿದ್ದವರಿಗೆ ಮಾತ್ರ ನಾಳೆ ಬಂದದ್ದು ಹೊಸದು ಎಂದು ತಿಳಿಯುತ್ತದೆ.

ಮಳೆಗಾಲದಲ್ಲಿ ಮೋಡದ ಸಂದಿ ಸಿಕ್ಕಾಗಲೆಲ್ಲ ನೋಡಿ. ಫೆಬ್ರವರಿಯಲ್ಲಾದರೆ ಬೆಳಗಿನ ಜಾವ ಏಳಬೇಕು.

ಅಲ್ಲಿ ಅಲ್ಫೆಕಾಗೆ ಸಮನಾದ ಚುಕ್ಕಿ ಕಂಡರೆ ಮೊದಲು ಗಂಟೆ, ನಿಮಿಷ ಬರೆದುಕೊಳ್ಳಿ. ಅದು ಸರಿಯುತ್ತಿಲ್ಲ ಎಂದು ಖಚಿತ ಮಾಡಿಕೊಳ್ಳಿ, ವಿಮಾನವೋ ಉಪಗ್ರಹವೋ ಆಗಿದ್ದರೆ ಸರಿಯುತ್ತದೆ. ಆಮೇಲೆ ಮನೆಯವರನ್ನೆಲ್ಲ ಎಬ್ಬಿಸಿ, ಪಕ್ಕದ ಮಾಳಿಗೆಯವರನ್ನೂ ಕೂಗಿ. ಒಂದು ವಾರದೊಳಗೆ ಅದು ಬರಿಗಣ್ಣಿಗೆ ಮರೆಯಾಗುತ್ತದೆ.