100 ಎಂಬಿಪಿಎಸ್ ಲೈನಿನಲ್ಲಿ 40 ಜಿಬಿ ಕಳಿಸಲು ಎಷ್ಟು ಹೊತ್ತು?

ತುಮಕೂರಿನ ಸ್ಟುಡಿಯೋ, ಡಿಟಿಪಿ ಅಂಗಡಿಗಳಿಗೆ ನೆಟ್ ಹಾಕಿಕೊಡುವ ಕೆಲಸ ನನ್ನದು. ಕೇಳಿಬರುವ ದೂರು ಬಹುಪಾಲು ಒಂದೇ: “ಅಣ್ಣಾ, 100ರ ಪ್ಲಾನ್ ಹಾಕ್ಸಿದೀವಿ, ಡೌನ್‌ಲೋಡು 11ರ ಮೇಲೆ ಏಳ್ತಾನೇ ಇಲ್ಲ.”

ಲೈನು ಸರಿಯಾಗೇ ಇರುತ್ತದೆ. ಪ್ಲಾನಿನ 100 ಎಂಬಿಪಿಎಸ್ ಎಂಬುದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ‌ ಲೆಕ್ಕ, ಬ್ರೌಸರ್ ತೋರಿಸುವ 11 ಎಂಬಿ, ಅಂದರೆ ಮೆಗಾಬೈಟ್‌ ಲೆಕ್ಕ. 8 ಬಿಟ್ ಸೇರಿದರೆ 1 ಬೈಟ್; 100ನ್ನು 8ರಿಂದ ಭಾಗಿಸಿದರೆ 12.5. ಡೇಟಾ ಪ್ಯಾಕೆಟ್ ಎಂಬ ಸಣ್ಣ ಸಣ್ಣ ತುಂಡಾಗಿ ಹೋಗುತ್ತದೆ; ಪ್ರತಿ ಪ್ಯಾಕೆಟ್ ಜೊತೆ ವಿಳಾಸ, ಕ್ರಮಸಂಖ್ಯೆ, ತಪ್ಪು ಹಿಡಿಯುವ ಬಿಟ್‌ಗಳೂ ಹೋಗುವುದರಿಂದ ಶೇ. 5-6ರಷ್ಟು ಅದಕ್ಕೇ ಖರ್ಚಾಗಿ, ಸೆಕೆಂಡಿಗೆ 11.5 ಎಂಬಿಯ ಆಸುಪಾಸು ಉಳಿಯುತ್ತದೆ. ಗಿರಾಕಿಗಳಿಗೆ ನಾನು ಹೇಳುವುದು 10ರಿಂದ ಭಾಗಿಸಿ ಎಂದೇ. ಬಾಯಿಲೆಕ್ಕಕ್ಕೆ ಸುಲಭ, ವೈಫೈಯಲ್ಲಿ ಸೋರುವುದಕ್ಕೂ ಸ್ವಲ್ಪ ಜಾಗ ಬಿಟ್ಟಂತಾಗುತ್ತದೆ.

ಸ್ಟುಡಿಯೋದವರಿಗೆ ಡೌನ್‌ಲೋಡಿಗಿಂತ ಅಪ್‌ಲೋಡ್ ಮುಖ್ಯ, ಪ್ಲಾನ್ ಆರಿಸುವಾಗ ಇದನ್ನೇ ಯಾರೂ ವಿಚಾರಿಸುವುದಿಲ್ಲ. ಮದುವೆ ವಿಡಿಯೊ 40 ಜಿಬಿ ಇದೆ, ಬೆಂಗಳೂರಿನ ಎಡಿಟರ್‌ಗೆ ಹೋಗಬೇಕು ಅಂದುಕೊಳ್ಳಿ. 40 ಜಿಬಿ ಅಂದರೆ 3,20,000 ಮೆಗಾಬಿಟ್. ಅಪ್‌ಲೋಡ್ 100 ಇದ್ದರೆ 3,200 ಸೆಕೆಂಡು, ಪ್ಯಾಕೆಟ್ ಖರ್ಚು ಸೇರಿ ಹೆಚ್ಚುಕಡಿಮೆ ಒಂದು ಗಂಟೆ. ಅದೇ 20 ಇದ್ದರೆ 16,000 ಸೆಕೆಂಡು, ಖರ್ಚು ಸೇರಿ ನಾಲ್ಕೂವರೆ ಗಂಟೆ ದಾಟುತ್ತದೆ. ಅಷ್ಟರಲ್ಲಿ ಪೆನ್‌ಡ್ರೈವ್ ಹಿಡಿದು ರೈಲು ಹತ್ತಿದವರು ಯಶವಂತಪುರದಲ್ಲಿ ಇಳಿದಿರುತ್ತಾರೆ. ಆದರೆ ಅಗ್ಗದ ಪೆನ್‌ಡ್ರೈವಿಗೆ ಸೆಕೆಂಡಿಗೆ 10 ಎಂಬಿಯಂತೆ ಬರೆಯಲಿಕ್ಕೇ ಒಂದು ಗಂಟೆ ಮೀರುತ್ತದೆ, ಅದನ್ನೂ ಕೂಡಿಸಿಕೊಳ್ಳಬೇಕು. ಇನ್ನೊಂದು: ವಿಂಡೋಸ್ 1000ದ ಬದಲು 1024ರ ಲೆಕ್ಕದಲ್ಲಿ (1 ಜಿಬಿಗೆ 1024 ಎಂಬಿ) ಎಣಿಸುತ್ತದೆ. ಅದು 40 ಜಿಬಿ ಅಂದರೆ 1000ದ ಲೆಕ್ಕದಲ್ಲಿ ಸುಮಾರು 43.

ಲೆಕ್ಕ ಹಾಕಿದ ಮೇಲೂ ವೇಗ ಕಡಿಮೆ ಕಂಡರೆ ಮಾತ್ರ ನಾನು ಲೈನಿಗೆ ಕೈ ಹಾಕುತ್ತೇನೆ. ಮೊದಲು ವೈಫೈ ಬಂದ್, ಬೇರೆಲ್ಲರ ಮೊಬೈಲು ಕಟ್. ಲ್ಯಾಪ್‌ಟಾಪಿನಿಂದ ನೇರ ಬಾಕ್ಸಿಗೆ (ಕಂಪನಿಯ ಮೋಡೆಮ್‌ಗೆ) ಲ್ಯಾನ್ ಕೇಬಲ್ ಹಾಕಿ ಸ್ಪೀಡ್ ಟೆಸ್ಟ್. 300ರ ಪ್ಲಾನಿನಲ್ಲಿ ಪ್ರತಿ ಸಲವೂ 94-95ಕ್ಕೇ ನಿಂತರೆ ತಪ್ಪು ಕಂಪನಿಯ ಲೈನಿನದ್ದಲ್ಲ. ಎಲ್ಲೋ ಕೊಂಡಿ 100ಕ್ಕೆ ಇಳಿದಿದೆ. ಕಂಪ್ಯೂಟರಿನ ಈಥರ್ನೆಟ್ ಸ್ಟೇಟಸ್‌ನಲ್ಲಿ ಲಿಂಕ್ ಸ್ಪೀಡ್ 1 ಜಿಬಿಪಿಎಸ್ (ಗಿಗಾಬಿಟ್, ಅಂದರೆ 1000 ಎಂಬಿಪಿಎಸ್) ಇದೆಯೋ 100 ಎಂಬಿಪಿಎಸ್ಸೋ ನೋಡಿದರೆ ತಿಳಿಯುತ್ತದೆ. ಕೇಬಲ್ಲಿನ ಎಂಟು ತಂತಿಗಳಲ್ಲಿ 100ಕ್ಕೆ ಕಿತ್ತಳೆ, ಹಸಿರು ಜೋಡಿಗಳೇ ಸಾಕು, ಗಿಗಾಬಿಟ್‌ಗೆ ನಾಲ್ಕೂ ಜೋಡಿ ಬೇಕು. ನೀಲಿ ಅಥವಾ ಕಂದು ತಂತಿ ಕನೆಕ್ಟರಿನ ತುದಿಯವರೆಗೆ ಮುಟ್ಟದಿದ್ದರೂ ನೆಟ್ ಬರುತ್ತದೆ, ಅದಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ಕನೆಕ್ಟರ್ ಕತ್ತರಿಸಿ ಹೊಸದನ್ನು ಈ ಕ್ರಮದಲ್ಲಿ ಕ್ರಿಂಪ್ ಮಾಡಿ (ಇಕ್ಕಳದಿಂದ ಒತ್ತಿ ಕೂರಿಸಿ): ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಒತ್ತುವ ಮುಂಚೆ ಎಂಟೂ ತಾಮ್ರದ ತುದಿಗಳು ಕನೆಕ್ಟರಿನ ಮುಂಗೋಡೆಗೆ ತಾಗಿರುವುದನ್ನು ಬೆಳಕಿಗೆ ಹಿಡಿದು ನೋಡಬೇಕು. ಕೆಲವು ಬಾಕ್ಸ್‌ಗಳಲ್ಲಿ ಒಂದು ಪೋರ್ಟ್ ಮಾತ್ರ ಗಿಗಾಬಿಟ್, ಅದೂ ನೆನಪಿರಲಿ.

ಕೇಬಲ್ ಸರಿಯಿದ್ದರೆ ಮುಂದಿನದು ಫೈಬರ್. ಬ್ರೌಸರಿನಲ್ಲಿ ಬಾಕ್ಸಿನ ಸೆಟ್ಟಿಂಗ್ಸ್ ಪುಟ ತೆರೆದು, ಫೈಬರಿನಲ್ಲಿ ಬಂದು ತಲುಪುವ ಬೆಳಕಿನ ಬಲ, ಅಂದರೆ ಆಪ್ಟಿಕಲ್ ಆರ್‌ಎಕ್ಸ್ ಪವರ್ ಓದುತ್ತೇನೆ. -15ರಿಂದ -24 ಡಿಬಿಎಂ (ಆ ಬಲದ ಅಳತೆ) ಇದ್ದರೆ ನೆಮ್ಮದಿ. ಮೈನಸ್ ಅಂಕಿ ದೊಡ್ಡದಾದಷ್ಟೂ ಬೆಳಕು ಕಡಿಮೆ. -27ರ ಹತ್ತಿರ ಹೋದರೆ ಲೈನು ಬಿದ್ದು ಬಿದ್ದು ಏಳುತ್ತದೆ. ಗುಬ್ಬಿ, ತಿಪಟೂರು ಕಡೆ ತೋಟದ ಮನೆಗಳಿಗೆ ಫೈಬರನ್ನು ತೆಂಗಿನ ಮರದಿಂದ ಮರಕ್ಕೆ ಎಳೆದಿರುತ್ತಾರೆ. ಒಣಗರಿ ಬಿದ್ದು ವೈರು ಜೋತು, ಮರದ ಹತ್ತಿರ ಚೂಪಾಗಿ ಬಾಗಿದರೆ ಬೆಳಕು ಆ ಬಾಗಿನಲ್ಲೇ ಸೋರುತ್ತದೆ. ವೈರು ತುಂಡಾಗದೆ ಇದ್ದರೂ ಪವರ್ ಕುಸಿಯುವುದು ಹೀಗೆ. ಬಾಗಿದ ಕಡೆ ಅಂಗೈಯಗಲದ ಸುತ್ತು ಬಿಟ್ಟು ಕಟ್ಟಿ, ಮತ್ತೆ ಪವರ್ ಓದಿ.

ಮೊಬೈಲ್ ಡೇಟಾದಲ್ಲೂ ಇದೇ ಭಾಗಾಕಾರ. ದಿನದ ಕೋಟಾ ಮುಗಿದು ವೇಗ ಸೆಕೆಂಡಿಗೆ 64 ಕಿಲೋಬಿಟ್, ಅಂದರೆ 64 ಕೆಬಿಪಿಎಸ್‌ಗೆ ಇಳಿದರೆ ಸೆಕೆಂಡಿಗೆ 8 ಕೆಬಿ (ಕಿಲೋಬೈಟ್). 2 ಎಂಬಿಯ ಪಿಡಿಎಫ್ ಅಪ್‌ಲೋಡ್ ಮಾಡಲು ನಾಲ್ಕು ನಿಮಿಷಕ್ಕೂ ಮೇಲೆ ಬೇಕು, ಅಷ್ಟರಲ್ಲಿ ಅರ್ಜಿಯ ಪುಟದ ಸೆಷನ್ನೇ ಮುಗಿದಿರಬಹುದು. ಸ್ಕ್ಯಾನನ್ನು ಕಪ್ಪು-ಬಿಳುಪು ಮಾಡಿ 200 ಕೆಬಿಗೆ ಇಳಿಸಿದರೆ 25 ಸೆಕೆಂಡಿನಲ್ಲಿ ಹೋಗುತ್ತದೆ.