ನೃತ್ಯ ಪದವಿಯಿಂದ ವೃತ್ತಿಯವರೆಗೆ

ವಿಶ್ವವಿದ್ಯಾಲಯದಲ್ಲಿ ನೃತ್ಯವನ್ನು ಅಭ್ಯಸಿಸಬೇಕೆಂದಿರುವವರು ಮೊದಲು ಪಠ್ಯಕ್ರಮವನ್ನು ಕೈಗೆತ್ತಿಕೊಂಡು, ವಾರಕ್ಕೆ ಎಷ್ಟು ಗಂಟೆ ಅಂಗಸಾಧನೆ, ಎಷ್ಟು ಗಂಟೆ ಸಿದ್ಧಾಂತ ಎಂಬುದನ್ನು ಪರಿಶೀಲಿಸಬೇಕು. ಕೆಲವು ಪದವಿಗಳು ಕಲಾವಿದರನ್ನು ರೂಪಿಸಿದರೆ ಇನ್ನು ಕೆಲವು ಸಂಶೋಧಕರನ್ನು ರೂಪಿಸುತ್ತವೆ. ಪ್ರವೇಶದ ಆಡಿಷನ್‌ಗೆ ಚೆನ್ನಾಗಿ ರೂಢಿಯಾದ ಒಂದು ಪ್ರಸ್ತುತಿಯಷ್ಟೇ ಸಾಲದು. ಪರೀಕ್ಷಕರು ಅಲ್ಲಿಯೇ ಹೊಸ ಚಲನೆಯೊಂದನ್ನು ಕಲಿಸಿ, ನೀವು ಅದನ್ನು ಹೇಗೆ ಮೈಗೂಡಿಸಿಕೊಳ್ಳುತ್ತೀರಿ, ತಿದ್ದಿದಾಗ ಹೇಗೆ ಸ್ಪಂದಿಸುತ್ತೀರಿ ಎಂಬುದನ್ನೂ ಗಮನಿಸಬಹುದು.

ಓದಿನ ವರ್ಷಗಳಲ್ಲಿ ಅಂಗರಚನಾಶಾಸ್ತ್ರವನ್ನು ದಯವಿಟ್ಟು ಕಡೆಗಣಿಸಬೇಡಿ. ಜಿಗಿದು ಇಳಿಯುವಾಗ ಮಂಡಿಯು ಕಾಲ್ಬೆರಳುಗಳ ನೇರಕ್ಕೆ ಬಾಗದೆ ಒಳಕ್ಕೆ ವಾಲಿದರೆ ಅದರ ಒತ್ತಡ ಮಂಡಿಯ ಮೂಳೆಗಳನ್ನು ಬಂಧಿಸುವ ಅಸ್ಥಿರಜ್ಜುಗಳ ಮೇಲೆ ಬೀಳುತ್ತದೆ. ಕನ್ನಡಿಯ ಮುಂದೆ ಒಂಟಿಕಾಲಿನಲ್ಲಿ ನಿಂತು ನಿಧಾನವಾಗಿ ಮಂಡಿ ಬಗ್ಗಿಸಿದರೆ ಈ ದೋಷ ಸಾಮಾನ್ಯವಾಗಿ ಕಣ್ಣಿಗೆ ಬೀಳುತ್ತದೆ. ನೃತ್ಯ ಸಿದ್ಧಾಂತಿ ರುಡಾಲ್ಫ್ ಲಾಬಾನ್ 1928ರಲ್ಲಿ ಪ್ರಕಟಿಸಿದ, ದೇಹದ ಚಲನೆಯನ್ನು ಸಂಕೇತಗಳಲ್ಲಿ ಬರೆದಿಡುವ ಚಲನಲಿಪಿಯನ್ನು ಕಲಿಯುವುದೂ ಸಾರ್ಥಕ: ಅದರಲ್ಲಿ ಸಂಕೇತದ ಆಕಾರ ದಿಕ್ಕನ್ನು, ಉದ್ದ ಕಾಲಾವಧಿಯನ್ನು, ಛಾಯೆ ಎತ್ತರವನ್ನು ಸೂಚಿಸುತ್ತದೆ.

ವೃತ್ತಿಯೆಂದರೆ ವೇದಿಕೆಯೊಂದೇ ಅಲ್ಲ. ಬೋಧನೆ, ನೃತ್ಯ ಸಂಯೋಜನೆ, ತಾಲೀಮು ನಿರ್ದೇಶನ, ವಿಮರ್ಶೆ ಎಲ್ಲವೂ ಇವೆ. ನೃತ್ಯ ಚಿಕಿತ್ಸೆಗೆ ಮಾತ್ರ ಪ್ರತ್ಯೇಕ ತರಬೇತಿ ಬೇಕು. ಅನೇಕ ನರ್ತಕರು ಇಂಥ ಎರಡು ಮೂರು ಕೆಲಸಗಳನ್ನು ಜೊತೆಗೂಡಿಸಿಯೇ ಬದುಕುವುದರಿಂದ, ಪದವಿ ಮುಗಿಯುವ ಮೊದಲೇ ಬೋಧನೆಯ ಅನುಭವವನ್ನು ಗಳಿಸಿಕೊಂಡು, ಪಾದದಿಂದ ತಲೆಯವರೆಗೆ ಇಡೀ ದೇಹ ಚೌಕಟ್ಟಿನೊಳಗಿರುವ ನಿಮ್ಮ ನೃತ್ಯದ ಎರಡು ನಿಮಿಷದ ವಿಡಿಯೊವೊಂದನ್ನು ಸಿದ್ಧಪಡಿಸಿಟ್ಟುಕೊಳ್ಳಿ.