ಲೇಬಲ್ ಮೆಷಿನ್ ಕೊಳ್ಳುವ ಮುನ್ನ ನಿಮ್ಮ ಬಾಟಲಿ ಅಳೆಯಿರಿ

ಉಪ್ಪಿನಕಾಯಿ, ಜೇನುತುಪ್ಪ, ಗಾಣದ ಎಣ್ಣೆ ಮಾಡುವ ಸಣ್ಣ ಘಟಕಗಳಲ್ಲಿ ಒಂದು ನೋಟ ಪದೇ ಪದೇ ಕಾಣುತ್ತದೆ. ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಸಿಟ್ಟ ಲೇಬಲ್ ಮೆಷಿನ್. ಪಕ್ಕದಲ್ಲೇ ನಾಲ್ಕು ಜನ ಕೂತು ಕೈಯಲ್ಲಿ ಸ್ಟಿಕ್ಕರ್ ಅಂಟಿಸುತ್ತಿರುತ್ತಾರೆ. ಕೇಳಿದರೆ, 'ಮೆಷಿನ್ ಸರಿ ಇಲ್ಲ ಸರ್, ಸೊಟ್ಟ ಅಂಟಿಸುತ್ತೆ' ಅನ್ನುತ್ತಾರೆ. ಬಹಳಷ್ಟು ಸಲ ಮೆಷಿನ್‌ದು ತಪ್ಪಿರುವುದಿಲ್ಲ. ಬಾಟಲಿ ಒಂದು ಕಡೆ, ಸ್ಟಿಕ್ಕರ್ ಇನ್ನೊಂದು ಕಡೆ, ಮೆಷಿನ್ ಮತ್ತೊಂದು ಕಡೆ ಕೊಂಡಿರುತ್ತಾರೆ. ಮೂರನ್ನೂ ಒಟ್ಟಿಗೆ ಇಟ್ಟು ಯಾರೂ ನೋಡಿರುವುದಿಲ್ಲ.

1. ಬಾಟಲಿ ನೇರ ಇದೆಯಾ ನೋಡಿ

ಒಂದು ಬಿಳಿ ಹಾಳೆಯನ್ನು ಪಟ್ಟಿಯಂತೆ ನೇರವಾಗಿ ಕತ್ತರಿಸಿ ಬಾಟಲಿಗೆ ಬಿಗಿಯಾಗಿ ಸುತ್ತಿ. ಎರಡು ತುದಿಯ ಅಂಚು ಒಂದರ ಮೇಲೊಂದು ಸರಿಯಾಗಿ ಕೂತರೆ ಬಾಟಲಿ ನೇರ ಇದೆ. ಒಂದು ತುದಿ ಮೇಲಕ್ಕೋ ಕೆಳಕ್ಕೋ ಜಾರಿದರೆ ಬಾಟಲಿ ಬುಡದಲ್ಲೂ ಮೇಲೂ ಒಂದೇ ಅಗಲ ಇಲ್ಲ ಅಂತ ಅರ್ಥ. ಕಣ್ಣಿಗೆ ಇದು ಕಾಣುವುದೇ ಇಲ್ಲ. ಇಂಥ ಬಾಟಲಿಗೆ ಸಾಮಾನ್ಯ ಮೆಷಿನ್‌ನಲ್ಲಿ ಆಯತಾಕಾರದ ಸ್ಟಿಕ್ಕರ್ ಸುತ್ತಿದರೆ ಸೊಟ್ಟವೇ ಆಗುತ್ತದೆ. ಬಾಟಲಿ ಬದಲಿಸುವುದು ಸುಲಭದ ದಾರಿ.

ಸುತ್ತಳತೆ ತೆಗೆಯಿರಿ. 70 ಮಿ.ಮೀ. ವ್ಯಾಸದ ಬಾಟಲಿಗೆ ಸುಮಾರು 220 ಮಿ.ಮೀ. ಬರುತ್ತದೆ. ಪೂರ್ತಿ ಸುತ್ತಿ ಒಂದರ ಮೇಲೊಂದು ಬರುವ ಹಾಗೆ ಸ್ಟಿಕ್ಕರ್ ಮಾಡಿಸಬೇಡಿ, 210ಕ್ಕೆ ನಿಲ್ಲಿಸಿ. ಹಿಂದೆ ಸ್ವಲ್ಪ ಜಾಗ ಬಿಟ್ಟರೆ ಒಂದು ಮಿ.ಮೀ. ಸೊಟ್ಟ ಯಾರ ಕಣ್ಣಿಗೂ ಬೀಳುವುದಿಲ್ಲ. ತುದಿಗಳು ಮೇಲೆ ಮೇಲೆ ಕೂತರೆ ಅದೇ ಎದ್ದು ಕಾಣುತ್ತದೆ. ಎತ್ತರದಲ್ಲೂ ಅಷ್ಟೆ. ಬಾಟಲಿಯ ಭುಜ ಬಾಗಲು ಶುರುವಾಗುವ ಜಾಗಕ್ಕಿಂತ 3 ಮಿ.ಮೀ. ಕೆಳಗೇ ಸ್ಟಿಕ್ಕರ್ ಮುಗಿಯಲಿ.

2. ನಿಮಿಷಕ್ಕೆ ಎಷ್ಟು ಬೇಕು?

ದಿನಕ್ಕೆ 1,500 ಬಾಟಲಿ ಅಂತ ಇಟ್ಟುಕೊಳ್ಳಿ. ಎಂಟು ಗಂಟೆ ಪಾಳಿಯಲ್ಲಿ ಊಟ, ತೊಳೆಯುವುದು, ರೋಲ್ ಬದಲಿಸುವುದು ಕಳೆದು ಐದು ಗಂಟೆ ಮೆಷಿನ್ ಓಡಿದರೂ ನಿಮಿಷಕ್ಕೆ ಐದು ಬಾಟಲಿ ಸಾಕು. ಒಬ್ಬರು ಬಾಟಲಿ ಇಟ್ಟು ತೆಗೆಯುವ ಸೆಮಿ ಆಟೊಮ್ಯಾಟಿಕ್ ಮೆಷಿನ್ ಆರಾಮಾಗಿ ಇದರ ಎರಡರಷ್ಟು ಮಾಡುತ್ತದೆ. ನಿಮಿಷಕ್ಕೆ 60 ಅಂಟಿಸುವ ಆಟೊಮ್ಯಾಟಿಕ್ ಯಾಕೆ ಬೇಕು?

ಸಬ್ಸಿಡಿಗಾಗಿ ಅನ್ನುವವರಿದ್ದಾರೆ. 2020ರಲ್ಲಿ ಶುರುವಾದ ಪಿಎಂಎಫ್‌ಎಂಇ ಅನ್ನುವ, ಸಣ್ಣ ಆಹಾರ ಘಟಕಗಳಿಗೆ ಸಾಲದ ಜೊತೆ ಸಬ್ಸಿಡಿ ಕೊಡುವ ಯೋಜನೆಯಲ್ಲಿ ನಿಗದಿಯಾಗಿದ್ದು ಶೇ 35, ಅದರ ಮೇಲೆ ಕರ್ನಾಟಕ ಸರ್ಕಾರ ಸೇರಿಸಿದ್ದು ಶೇ 15. ಅರ್ಧ ದುಡ್ಡು ಸರ್ಕಾರದ್ದು ಅಂದಾಗ ಕೈ ದೊಡ್ಡದಾಗುತ್ತದೆ. ಆದರೆ ಉಳಿದರ್ಧ ನಿಮ್ಮ ದುಡ್ಡು, ನಿಮ್ಮ ಸಾಲವೇ ಅಲ್ವಾ? ಆ ದುಡ್ಡಲ್ಲಿ ಒಳ್ಳೆಯ ಫಿಲ್ಲಿಂಗ್ ಮೆಷಿನ್ ತಗೊಳ್ಳಿ.

3. ಬಗೆ ಆರಿಸಿ

ದುಂಡು ಬಾಟಲಿಗೆ ಸುತ್ತು ಅಂಟಿಸುವ ಮೆಷಿನ್, ಚಪ್ಪಟೆ ಬಾಟಲಿಗೆ ಹಿಂದೆ ಮುಂದೆ ಅಂಟಿಸುವುದು, ಡಬ್ಬಿ ಮುಚ್ಚಳಕ್ಕೆ ಮೇಲಿಂದ ಅಂಟಿಸುವುದು. ಎಲ್ಲವನ್ನೂ ಮಾಡುತ್ತದೆ ಎನ್ನುವ ಮೆಷಿನ್ ಬೇಡ. ಚಟ್ನಿಪುಡಿ ಪೌಚ್ ಆದರೆ ತುಂಬುವ ಮೊದಲೇ, ಖಾಲಿ ಇರುವಾಗಲೇ ಅಂಟಿಸಿ. ದಿನಕ್ಕೆ ಮುನ್ನೂರು ಬಾಟಲಿಯೂ ಇಲ್ಲದವರು ಸ್ಟಿಕ್ಕರ್ ಬಿಡಿಸಿಕೊಡುವ ಚಿಕ್ಕ ಡಿಸ್ಪೆನ್ಸರ್ ತಂದರೆ ಸಾಕು.

4. ರೋಲ್ ಮಾಡಿಸುವಾಗ

ಪ್ರಿಂಟರ್‌ಗೆ ಡಿಸೈನ್ ಕೊಟ್ಟು ಬಂದರೆ ಆಗಲಿಲ್ಲ. ಒಳಗಿನ ಕೊಳವೆಯ ಅಳತೆ (76 ಮಿ.ಮೀ. ಹೆಚ್ಚು ಬಳಕೆಯಲ್ಲಿದೆ), ರೋಲ್‌ನ ಹೊರ ಅಳತೆ, ಸ್ಟಿಕ್ಕರ್‌ಗಳ ನಡುವಿನ ಅಂತರ, ಯಾವ ಅಂಚು ಮೊದಲು ಹೊರಬರಬೇಕು, ಇವನ್ನು ಮೆಷಿನ್‌ನವರಿಂದ ಬರೆಸಿಕೊಂಡು ಪ್ರಿಂಟರ್‌ಗೆ ಕೊಡಿ. ಸುತ್ತಿದ ದಿಕ್ಕು ತಪ್ಪಿದರೆ ಸ್ಟಿಕ್ಕರ್ ತಲೆಕೆಳಗಾಗಿ ಬರುತ್ತದೆ.

ಪಾರದರ್ಶಕ ಸ್ಟಿಕ್ಕರ್ ಚಂದ ಕಾಣುತ್ತದೆ, ನಿಜ. ಆದರೆ ಮಾಮೂಲಿ ಸೆನ್ಸರ್‌ಗೆ ಅದರ ಅಂತರ ಕಾಣುವುದಿಲ್ಲ. ಅದಕ್ಕೆ ಬೇರೆ ಸೆನ್ಸರ್ ಬೇಕು, ದುಡ್ಡೂ ಜಾಸ್ತಿ. ಎಣ್ಣೆ, ಫ್ರಿಜ್ ಎರಡರ ಸಹವಾಸ ಇರುವ ಮಾಲಿಗೆ ಕಾಗದದ ಸ್ಟಿಕ್ಕರ್ ಬೇಡವೇ ಬೇಡ, ಪಿಪಿ (ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್) ಸ್ಟಿಕ್ಕರ್ ಹಾಕಿಸಿ.

ಓಡುವಾಗ ಸ್ಟಿಕ್ಕರ್ ಕೂತಿರುವ ಹಿಂದಿನ ಕಾಗದ ಪಟಪಟ ಹರಿಯುತ್ತಿದ್ದರೆ ಮೆಷಿನ್‌ಗೆ ಬೈಯುವ ಮೊದಲು ಇದನ್ನು ಮಾಡಿ. ನಾಲ್ಕು ಸ್ಟಿಕ್ಕರ್ ಕಿತ್ತು, ಅದು ಕೂತಿದ್ದ ನುಣುಪಾದ ಜಾಗಕ್ಕೆ ಸ್ಕೆಚ್ ಪೆನ್ ಶಾಯಿ ಬಳಿದು ಒರೆಸಿ. ಸ್ಟಿಕ್ಕರ್ ಅಂಚಿನ ಗೆರೆಯಲ್ಲಿ ಶಾಯಿ ಇಂಗಿ ಹಿಂಬದಿಗೂ ಕಂಡರೆ, ಸ್ಟಿಕ್ಕರ್ ಕತ್ತರಿಸುವ ಡೈ (ಅಚ್ಚಿನ ಬ್ಲೇಡು) ಕಾಗದಕ್ಕೂ ತಾಗಿದೆ. ಆ ರೋಲ್ ವಾಪಸ್ ಕೊಡಿ.

5. ದಿನಾಂಕ ಅಳಿಸಬಾರದು

ಎಫ್‌ಎಸ್‌ಎಸ್‌ಎಐ ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲಿಂಗ್ ನಿಯಮಗಳ ಪ್ರಕಾರ ಲೇಬಲ್ ಡಬ್ಬಿಯಿಂದ ಬಿಟ್ಟುಬರಬಾರದು, ಬರಹ ಅಳಿಸಬಾರದು. ಬ್ಯಾಚ್ ನಂಬರ್, ತಯಾರಿಸಿದ ದಿನ, ಎಕ್ಸ್‌ಪೈರಿ ಒತ್ತುವ ಕೋಡರ್ ಮೆಷಿನ್ ಜೊತೆಗೇ ಬರುವುದಾದರೆ ಅದರ ಮಾದರಿ ಒತ್ತಿಸಿ. ಅರ್ಧ ಗಂಟೆ ಬಿಟ್ಟು ಹೆಬ್ಬೆರಳಿಗೆ ಎಣ್ಣೆ ಸವರಿಕೊಂಡು ಉಜ್ಜಿ ನೋಡಿ. ಅಗ್ಗದ ಶಾಯಿ ಉರುಳೆಯ ಕೋಡರ್‌ಗಳಲ್ಲಿ ದಿನಾಂಕ ಬೆರಳಿಗೇ ಬಂದುಬಿಡುತ್ತದೆ. ನನ್ನ ಮತ ರಿಬ್ಬನ್ ಬಳಸಿ ಶಾಖದಿಂದ ಒತ್ತುವ ಕೋಡರ್‌ಗೆ. ಅದೂ ಈ ಹೆಬ್ಬೆರಳ ಪರೀಕ್ಷೆಯಲ್ಲಿ ಪಾಸಾಗಬೇಕು.

6. ಟ್ರಯಲ್: ಎಲ್ಲರೂ ಎಡವುವುದು ಇಲ್ಲೇ

ಮಾರುವವರು ವಾಟ್ಸ್‌ಆ್ಯಪ್‌ಗೆ ವಿಡಿಯೊ ಕಳಿಸುತ್ತಾರೆ. ಹೊಳೆಯುವ ಬಾಟಲಿಗಳು ಸರಸರ ಓಡುತ್ತವೆ. ಅವು ಅವರ ಬಾಟಲಿ, ಅವರ ಸ್ಟಿಕ್ಕರ್. ಅದನ್ನು ನೋಡಿ ದುಡ್ಡು ಕಳಿಸಬೇಡಿ. ಬಾಕಿ ಹಣ ಟ್ರಯಲ್ ಆದ ಮೇಲೆಯೇ ಅಂತ ಆರ್ಡರ್‌ನಲ್ಲಿ ಬರೆಸಿ. ಪೀಣ್ಯದಲ್ಲಿರಲಿ, ಅಹಮದಾಬಾದ್‌ನಲ್ಲಿರಲಿ, ಹೋಗಿ ನಿಂತು ನೋಡಿ.

ನಿಮ್ಮದೇ ಬಾಟಲಿ ನೂರು ತಗೊಂಡು ಹೋಗಿ. ಒಂದೇ ಪೆಟ್ಟಿಗೆಯವು ಬೇಡ, ಬೇರೆ ಬೇರೆ ಲಾಟಿನವು ಇರಲಿ. ಪೆಟ್ (ಪ್ಲಾಸ್ಟಿಕ್) ಬಾಟಲಿ ಆದರೆ ತುಂಬಿ ಮುಚ್ಚಳ ಹಾಕಿಯೇ ಒಯ್ಯಿರಿ. ಖಾಲಿ ಬಾಟಲಿ ಬೆಲ್ಟಿನ ಒತ್ತಡಕ್ಕೆ ಅಪ್ಪಚ್ಚಿಯಾಗುತ್ತದೆ, ಆಗ ಏನೂ ಗೊತ್ತಾಗುವುದಿಲ್ಲ. ಸ್ಟಿಕ್ಕರ್ ರೋಲ್ ತುಂಬಿದ್ದೊಂದು, ಮುಗಿಯಲು ಬಂದದ್ದೊಂದು ಇರಲಿ. ತುಂಬಿದ ರೋಲ್ ಭಾರ, ಎಳೆತ ಬೇರೆ. ಒಂದರಲ್ಲಿ ಸರಿ ಕೂತದ್ದು ಇನ್ನೊಂದರಲ್ಲಿ ಜಾರಬಹುದು.

ಮೊದಲ ಇಪ್ಪತ್ತು ಒಣ ಬಾಟಲಿ ಓಡಿಸಿ. ಆಮೇಲಿನ ಇಪ್ಪತ್ತಕ್ಕೆ ನಿಮ್ಮಲ್ಲಿ ಆಗುವ ಹಾಗೇ ಎಣ್ಣೆ ಬಟ್ಟೆ ಸವರಿ, ನೀವು ಒರೆಸುವಷ್ಟೇ ಒರೆಸಿ ಇಡಿ. ಬಿಸಿ ತುಂಬಿ ನೀರಲ್ಲಿ ತಣಿಸುವವರು ತೇವದ ಬಾಟಲಿಯಲ್ಲೂ ನೋಡಬೇಕು. ಅಂಟು ಹಿಡಿಯದಿದ್ದರೆ ಲೇಬಲ್‌ಗೆ ಮುಂಚೆ ಗಾಳಿ ಊದಿ ಒಣಗಿಸುವ ವ್ಯವಸ್ಥೆ ಬೇಕು. ಅದರ ಖರ್ಚನ್ನೂ ಈಗಲೇ ಕೇಳಿ.

ಮೆಷಿನ್ ಓಡುತ್ತಿರುವಾಗ ಏಕಾಏಕಿ ನಿಲ್ಲಿಸಿ ಮತ್ತೆ ಶುರುಮಾಡಿ. ಇದನ್ನು ಮೂರ್ನಾಲ್ಕು ಸಲ ಮಾಡಿ. ಶುರುವಾದ ತಕ್ಷಣದ ಒಂದೆರಡು ಬಾಟಲಿ ಪಕ್ಕಕ್ಕೆ ತೆಗೆದು ನೋಡಿ. ಬಾಟಲಿ ತಿರುಗುವ ವೇಗ, ಸ್ಟಿಕ್ಕರ್ ಹೊರಬರುವ ವೇಗ ಹೊಂದದಿದ್ದರೆ ಸುಕ್ಕು, ಗುಳ್ಳೆ ಮೊದಲು ಇವುಗಳಲ್ಲೇ ಕಾಣುವುದು. ಸರಾಗ ಓಡುವಾಗ ಎಲ್ಲ ಮೆಷಿನ್ ಚೆನ್ನಾಗೇ ಇರುತ್ತವೆ.

ಇನ್ನು ಅರ್ಧ ಕೆ.ಜಿ. ಬಾಟಲಿಯಿಂದ 200 ಗ್ರಾಂಗೆ ಬದಲಿಸಿ ತೋರಿಸಿ ಅನ್ನಿ. ಅವರ ಮೆಕ್ಯಾನಿಕ್ ಅಲ್ಲ, ನಿಮ್ಮ ಕೆಲಸದ ಹುಡುಗನೋ ಹುಡುಗಿಯೋ ಮಾಡಲಿ. ಗಡಿಯಾರ ನೋಡಿ. ಬಾಟಲಿ ನೇರ ಹಿಡಿದಿಡುವ ಗೈಡ್‌ಗಳ ಮೇಲೆ ಅಳತೆ ಗೆರೆ ಇಲ್ಲದ ಮೆಷಿನ್ ಆದರೆ ಪ್ರತಿ ಸಲವೂ ಅಂದಾಜಲ್ಲೇ ಕೂರಿಸಬೇಕಾಗುತ್ತದೆ.

ಅಂಟಿಸಿದ ಬಾಟಲಿಗಳನ್ನು ಅಲ್ಲೇ ಬಿಟ್ಟು ಬರಬೇಡಿ. ಕೆಲವನ್ನು ಫ್ರಿಜ್‌ನಲ್ಲಿ, ಕೆಲವನ್ನು ಬಿಸಿಲಲ್ಲಿ, ಉಳಿದವನ್ನು ಒಳಗೆ ಒಂದು ದಿನ ಇಡಿ. ಅಂಟು ಪೂರ್ತಿ ಕಚ್ಚಲು ಅಷ್ಟು ಹೊತ್ತು ಬೇಕು. ಸಂಜೆ ನೀಟಾಗಿದ್ದ ಮೂಲೆ ಮರುದಿನ ಬೆಳಿಗ್ಗೆ ಉಗುರಿನಷ್ಟು ಎದ್ದು ನಿಂತಿರುತ್ತದೆ. ಇದನ್ನು ನೋಡಿಯೇ ಹೂಂ ಅನ್ನಿ.

7. ಉಳಿದದ್ದು

ಮನೆ ಕರೆಂಟಾ, ಥ್ರೀ ಫೇಸಾ, ಕಂಪ್ರೆಸರ್ ಬೇಕಾ ಕೇಳಿ. ಸೆನ್ಸರ್, ಬೆಲ್ಟ್, ರಬ್ಬರ್ ರೋಲರ್ ಒಂದೊಂದು ಹೆಚ್ಚುವರಿಯಾಗಿ ಮೆಷಿನ್ ಜೊತೆಗೇ ತರಿಸಿ. ಹಬ್ಬದ ಆರ್ಡರ್ ಇರುವ ವಾರದಲ್ಲೇ ಬೆಲ್ಟ್ ಹರಿದರೆ ಕೊರಿಯರ್ ಕಾಯುತ್ತಾ ಕೂರಲು ಆಗುವುದಿಲ್ಲ.